ಗಾಜಿಗೆ ಹಿಡಿದ ಕೊಡೆ

ಆಗುವುದೇ ಇಲ್ಲ ಎಂದು ಮೊದಲು ಹೇಳಿದವರು ನಮ್ಮ ಲಲಿತತ್ತೆ. ಅಪ್ಪನ ಅಕ್ಕ, ಶೃಂಗೇರಿ ಹತ್ತಿರದ ಮೆಣಸೆಗೆ ಮದುವೆಯಾಗಿ ಹೋದವರು, ಆಗಾಗ ಮುತ್ತಿನಕೊಪ್ಪದ ತವರಿಗೆ ಬಂದು, ಬಂದಾಗಲೆಲ್ಲ ನಮ್ಮ ಮನೆಯವರ ಭವಿಷ್ಯವನ್ನು ಒಂದು ಲೋಟ ಕಾಫಿ ಮುಗಿಯುವುದರೊಳಗೆ ತೀರ್ಮಾನಿಸಿ ಹೋಗುವವರು. ಆ ದಿನವೂ ಜಗಲಿಯಲ್ಲಿ ಕುಳಿತು, ಅಮ್ಮ ಕಿಟಕಿಯ ಗಾಜು ಒರೆಸುವುದನ್ನು ಕಾಫಿ ಹೀರುತ್ತ ನೋಡಿದರು. ಒರೆಸಿ ಮುಗಿಸಿದ ಗಾಜಿನ ಮೇಲೆ, ಎಳೆಗರು ನೆಕ್ಕಿ ಬಿಟ್ಟ ಹಾಗೆ, ಬಿಳಿಯ ಗೆರೆಗಳು ಒಂದೊಂದಾಗಿ ಎದ್ದು ಬಂದವು.

"ಗಿರಿಜಾ, ಬಿಡೇ ಮಾರಾಯ್ತಿ. ಹಣೆ ಅಂದ್ಮೇಲೆ ಬರಹ, ಗಾಜು ಅಂದ್ಮೇಲೆ ಗೆರೆ. ಅದು ಹೋಗುವಂಥದ್ದಲ್ಲ. ನಿಂಗೆ ಆ ಸರ್ಟಿಫಿಕೇಟೂ ಸಿಗುವಂಥದ್ದಲ್ಲ."

"ಕಾಫಿ ಆರ್ತದೆ ಅತ್ತಿಗೆ, ಕುಡೀರಿ" ಎಂದಷ್ಟೇ ಹೇಳಿ ಅಮ್ಮ ಮತ್ತೊಮ್ಮೆ ಬಟ್ಟೆ ಹಿಂಡಿದಳು.

ಯಾವ ಸರ್ಟಿಫಿಕೇಟು ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ನಮ್ಮೂರಿನ ಆಚೆ, ಭದ್ರೆಯ ಹಿನ್ನೀರು ಕಾಣುವ ದಿಣ್ಣೆಯ ಮೇಲೆ ಒಂದು ಹೋಂಸ್ಟೇ ಇದೆ. ಶೃಂಗೇರಿಗೆ ಬಂದ ಯಾತ್ರಿಕರಲ್ಲಿ, ದೇವಿಯ ದರ್ಶನವಾದ ಮೇಲೆ ನೀರಿನ ದರ್ಶನವೂ ಆಗಿಬಿಡಲಿ ಎನ್ನುವವರು ಅಲ್ಲಿ ಬಂದು ಉಳಿಯುತ್ತಾರೆ. ಆ ಮನೆಯ ನೀರಿನ ಕಡೆಯ ಗೋಡೆ ಗೋಡೆಯೇ ಅಲ್ಲ. ನೆಲದಿಂದ ಮಾಡಿನವರೆಗೆ ಗಾಜು. ಅಮ್ಮ ಅಲ್ಲಿಗೆ ಕಸ ಗುಡಿಸಲು, ಹಾಸಿಗೆ ಹಾಸಲು ಹೋಗುತ್ತಿದ್ದಳು. ಇಡೀ ಮನೆಯನ್ನು ನೋಡಿಕೊಳ್ಳಲು ಒಬ್ಬರು ಬೇಕೆಂದು ಅದರ ಯಜಮಾನರು ಹುಡುಕುತ್ತಿದ್ದಾರೆಂದು ಗೊತ್ತಾದಾಗ, ಅವಳೇ ಹೋಗಿ ನಾನಿದ್ದೇನಲ್ಲ ಎಂದಳು. ಅವರೇನೂ ಕೆಟ್ಟವರಲ್ಲ.

"ನೀವು ನೋಡ್ಕೊಳ್ತೀರಿ ಗಿರಿಜಮ್ಮ, ನಂಗೆ ಗೊತ್ತು. ಆದ್ರೆ ನಾಳೆ ಯಾರಾದ್ರೂ ಬಂದು ಕೇಳಿದ್ರೆ ತೋರಿಸೋಕೆ ತರಬೇತಿಯ ಒಂದು ಪತ್ರ ಬೇಕಲ್ಲ? ಕೊಪ್ಪದಲ್ಲಿ ಕೊಡ್ತಾರಂತೆ. ತಗೊಂಡು ಬನ್ನಿ. ಇಲ್ದಿದ್ರೆ ಶಿವಮೊಗ್ಗದಿಂದ ಯಾರನ್ನಾದ್ರೂ ಕರೆಸ್ಬೇಕಾಗ್ತದೆ."

ಅಮ್ಮನ ಮನಸ್ಸಿನಲ್ಲಿ ಇದ್ದದ್ದು ಮಾತ್ರ ಆ ಪತ್ರವಲ್ಲ, ಬೀಗದ ಕೈಗಳ ಗೊಂಚಲು. "ಆ ಮನೆ ಗೊಂಚಲು ನನ್ನ ಸೊಂಟದಲ್ಲಿ ಇರ್ಬೇಕು ಕಣೇ" ಎಂದು ನನ್ನೊಬ್ಬಳ ಹತ್ತಿರ ಹೇಳಿದ್ದಳು. ಹೇಳುವಾಗ ಅವಳ ಕೈ ತನಗೆ ಗೊತ್ತಿಲ್ಲದೆಯೇ ಸೊಂಟದ ಬಳಿ ಹೋಗಿತ್ತು.

ಕೊಪ್ಪದ ಆ ತರಬೇತಿ ಕೇಂದ್ರದಲ್ಲಿ ಪಾಠ ಹೇಳುವವಳು ನಾನು. ನಮ್ಮ ವಂಶದ ಮೊದಲ ಪದವೀಧರೆ. ಇದನ್ನು ಮೆಲುದನಿಯಲ್ಲಿ ಹೇಳುವ ವಿನಯ ನನಗಿಲ್ಲ, ಇರಬೇಕಾದ ಕಾರಣವೂ ಕಾಣುವುದಿಲ್ಲ. ಬೇರೆಯವರ ಮನೆಯಲ್ಲಿ ಡಿಗ್ರಿ ಎಂದರೆ ಮಳೆಗಾಲದ ನಂತರ ಚಳಿಗಾಲ ಬಂದಂತೆ ಬರುತ್ತದೆ. ನಮ್ಮಲ್ಲಿ ಅದನ್ನು ಬಸ್ಸಿನಲ್ಲಿ ನಿಂತುಕೊಂಡು, ರಜೆಯಲ್ಲಿ ಕಾಫಿ ಕೊಯ್ದುಕೊಂಡು, ಬಂದ ಗಂಡುಗಳನ್ನೆಲ್ಲ ಒಂದೊಂದು ನೆಪ ಹೇಳಿ ವಾಪಸು ಕಳಿಸಿಕೊಂಡು ತರಬೇಕಾಯಿತು. ರಸಾಯನಶಾಸ್ತ್ರ ನನ್ನನ್ನು ಒಮ್ಮೆ ಕೆಳಗೆ ಕೆಡವಿತು. ಎದ್ದು ಮತ್ತೆ ಬರೆದು ಅದನ್ನು ನಾನು ಕೆಡವಿದೆ. ಲಲಿತತ್ತೆ ಆಗಲೂ "ಡಿಗ್ರಿ ಎಲ್ಲ ನಮ್ಮಂಥವರಿಗೆ ಆಗಿಬರೋದಿಲ್ಲ" ಎಂದೇ ಹೇಳಿದ್ದರು. ಆಗಿಬಂತು. ಆದರೂ ಅವರು ತಮ್ಮ ಅಭಿಪ್ರಾಯವನ್ನು ಬದಲಾಯಿಸಲಿಲ್ಲ, ವಿಷಯವನ್ನು ಮಾತ್ರ ಬದಲಾಯಿಸಿಕೊಂಡರು.

ಹೀಗೆ, ನನ್ನನ್ನು ಕಾಲೇಜಿಗೆ ಕಳಿಸಿದವಳೇ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಬಂದು ಕುಳಿತಳು. ಮೊದಲ ದಿನ ನಾನು ಹಾಜರಿ ಕೂಗುವಾಗ ಗಿರಿಜಮ್ಮ ಎಂದು ಕರೆಯಲು ಬಾಯಿ ಬರದೆ ತಡವರಿಸಿದರೆ, ಅಮ್ಮ ಎದ್ದು ನಿಂತು "ಬಂದಿದೀನಿ ಮೇಡಂ" ಎಂದಳು. ಇಡೀ ತರಗತಿ ನಕ್ಕಿತು. ಬಸ್ಸಿನಲ್ಲಿ ಮನೆಗೆ ಮರಳುವಾಗ ಮಾತ್ರ ಅವಳು ಮೇಡಂ ಅನ್ನಲಿಲ್ಲ. "ಎಂತದೇ ಅದು, ಬೋರ್ಡಿನ ಮೇಲೆ ಅಷ್ಟು ಸಣ್ಣಕ್ಕೆ ಬರೀತೀಯ? ಹಿಂದೆ ಕೂತವ್ರಿಗೆ ಕಣ್ಣಿಲ್ವಾ?" ಎಂದು ಬೈದಳು.

ಹಾಸಿಗೆ ಹಾಸುವುದು, ಬಚ್ಚಲು ತೊಳೆಯುವುದು, ಬಂದವರನ್ನು ಮಾತಾಡಿಸುವುದು ಇವೆಲ್ಲ ಅವಳಿಗೆ ನೀರು ಕುಡಿದಷ್ಟು ಸುಲಭವಾಯಿತು. ಉಳಿದದ್ದು ಗಾಜು. ಕೊನೆಯ ಪರೀಕ್ಷೆಯಲ್ಲಿ ಒಂದು ದೊಡ್ಡ ಕಿಟಕಿಯನ್ನು ಗೆರೆ ಬಾರದಂತೆ ಒರೆಸಿ ತೋರಿಸಬೇಕು. ಅಂಗಡಿಯ ನೀಲಿ ಸ್ಪ್ರೇ ಮುಟ್ಟುವಂತಿಲ್ಲ. ಹೋಂಸ್ಟೇಗಳೆಲ್ಲ ಹೊಳೆ, ಹಳ್ಳ, ಹಿನ್ನೀರಿನ ದಂಡೆಯಲ್ಲೇ ಇರುವುದರಿಂದ, ತೊಳೆದ ನೀರು ಮೀನಿನ ಬಾಯಿಗೇ ಹೋಗುತ್ತದೆ. ಹಾಗಾಗಿ ಮನೆಯಲ್ಲೇ ಮಾಡಿಕೊಂಡ ದ್ರಾವಣವನ್ನೇ ಬಳಸಬೇಕು ಎಂಬುದು ನಮ್ಮ ಕೇಂದ್ರದ ನಿಯಮ. ಗಾಜಿನಲ್ಲಿ ಸೋತವರಿಗೆ ಪತ್ರವಿಲ್ಲ. ಪರೀಕ್ಷೆ ಮಾಡುವವರು ಹೊರಗಿನವರು. ಅಲ್ಲಿ ಮಗಳು ಮೇಷ್ಟರಾಗಿರುವುದು ಕಾಸಿನ ಪ್ರಯೋಜನಕ್ಕೂ ಬರುವುದಿಲ್ಲ.

ಗಾಜಿನ ಸ್ವಭಾವವನ್ನು ನೀವು ಯಾವತ್ತಾದರೂ ಯೋಚಿಸಿದ್ದೀರಾ? ಮನೆಯ ಉಳಿದೆಲ್ಲ ವಸ್ತುಗಳೂ ಚೊಕ್ಕಟವಾದಾಗ ಹೆಚ್ಚು ಕಾಣುತ್ತವೆ. ತಿಕ್ಕಿದ ಹಿತ್ತಾಳೆ ತಂಬಿಗೆ ಕತ್ತಲೆಯ ಮೂಲೆಯಲ್ಲಿದ್ದರೂ ಕಣ್ಣು ಹೊಡೆಯುತ್ತದೆ. ಸಾರಿಸಿದ ನೆಲ ಹೆಜ್ಜೆಯಿಡುವವರನ್ನು ಒಂದು ಕ್ಷಣ ಅಳುಕಿಸುತ್ತದೆ. ಒಗೆದ ಬಿಳಿ ಪಂಚೆ ತಂತಿಯ ಮೇಲಿನಿಂದಲೇ ಕೇರಿಗೆಲ್ಲ ಸುದ್ದಿ ಸಾರುತ್ತದೆ. ಗಾಜೊಂದೇ ಚೊಕ್ಕಟವಾದಷ್ಟೂ ಇಲ್ಲವಾಗುವುದು. ಪರಿಪೂರ್ಣವಾಗಿ ಒರೆಸಿದ ಗಾಜಿನ ಮುಂದೆ ನಿಂತವನು ಹೊರಗಿನ ನೀರನ್ನು ಹೊಗಳುತ್ತಾನೆ, ಗುಡ್ಡವನ್ನು ಹೊಗಳುತ್ತಾನೆ, ತಾನು ತಂದ ಕ್ಯಾಮೆರಾವನ್ನೂ ಹೊಗಳಿಕೊಳ್ಳುತ್ತಾನೆ. ನಡುವೆ ಒಂದು ಗಾಜಿದೆ, ಅದರ ಹಿಂದೆ ಒಂದು ಕೈಯಿದೆ ಎಂಬುದು ಅವನ ನೆನಪಿಗೇ ಬರುವುದಿಲ್ಲ. ಹೆಂಗಸರ ಕೆಲಸವೆಲ್ಲ ಹೀಗೆಯೇ, ಮಾಡಿದರೆ ಕಾಣದು, ಬಿಟ್ಟರೆ ಕಾಣುತ್ತದೆ ಎಂದು ನಿಟ್ಟುಸಿರು ಬಿಟ್ಟು ಬರೆಯುವವರಿದ್ದಾರೆ. ನಾನು ನಿಟ್ಟುಸಿರಿನ ಪಕ್ಷದವಳಲ್ಲ. ಗಾಜು ಕಾಣಬಾರದು, ಸರಿ, ಒರೆಸಿದವಳು ಕಾಣಬೇಕು. ಪ್ರಮಾಣಪತ್ರ ಎಂಬ ವಸ್ತು ಲೋಕದಲ್ಲಿ ಇರುವುದೇ ಅದಕ್ಕೆ.

ನಮ್ಮ ಅಜ್ಜಿಯ ಕಾಲದ ಕಿಟಕಿಗೆ ಮರದ ಸರಳುಗಳು ಮಾತ್ರ. ಗಾಳಿ, ಬೆಕ್ಕಿನ ಮರಿ, ನೆರೆಮನೆಯ ಒಗ್ಗರಣೆ ಎಲ್ಲವೂ ಅಪ್ಪಣೆ ಕೇಳದೆ ಒಳಗೆ ಬರುತ್ತಿದ್ದವು. ನಮ್ಮ ಮನೆಗೆ ಗಾಜು ಬಂದದ್ದೇ ನಾನು ಪಿಯುಸಿಗೆ ಹೋಗುವ ಹೊತ್ತಿಗೆ. ಹಾಗಾಗಿ ಉಪ್ಪಿನಕಾಯಿ ಹಾಕುವ ವಿದ್ಯೆಯಂತೆ ಇದು ತಾಯಿಯಿಂದ ಮಗಳಿಗೆ ಬಂದದ್ದಲ್ಲ. ಪುಸ್ತಕ ಓದಿದ ನನಗೂ ಕೈಗೆ ಹತ್ತಿದ್ದಲ್ಲ. ಈ ಒಂದು ವಿಷಯದಲ್ಲಿ ಅಮ್ಮನೂ ನಾನೂ ಒಂದೇ ಬೆಂಚಿನವರು.

ಮೊದಲು ಸೋಪಿನ ಪುಡಿಯಿಂದ ಶುರುಮಾಡಿದೆವು. ನಮ್ಮ ಕೊಳವೆಬಾವಿಯ ಗಡಸು ನೀರಿಗೂ ಸೋಪಿಗೂ ಹಳೆಯ ಜಗಳ. ಇಬ್ಬರೂ ಸೇರಿ ಗಾಜಿನ ಮೇಲೆ ಮಂಜು ಕವಿಸಿಬಿಟ್ಟರು. ನೀರು ಬದಲಾಗಬೇಕು ಎಂದು ಮಾಡಿನಿಂದ ಇಳಿದ ಮಳೆನೀರನ್ನು ಕೊಪ್ಪರಿಗೆಗೆ ಹಿಡಿದಿಟ್ಟೆವು. ಪಾತ್ರೆಗೆ ಆಗುವುದು ಗಾಜಿಗೂ ಆದೀತೆಂದು ಒಲೆಯ ಬೂದಿಯನ್ನು ನೀರಿನಲ್ಲಿ ಕದಡಿ ಒರೆಸಿದರೆ, ಹೊಗೆಯ ಜಿಡ್ಡೇನೋ ಹೋಯಿತು, ಬದಲಿಗೆ ಗಾಜು ವಿಭೂತಿ ಧರಿಸಿ ನಿಂತಿತು. ಅನ್ನ ಬಸಿದ ತಿಳಿ ಒಳ್ಳೆಯದೆಂದು ಯಾರೋ ಹೇಳಿದರು. ಒರೆಸಿದಾಗ ಮಿಂಚಿತು, ಮಧ್ಯಾಹ್ನದ ಹೊತ್ತಿಗೆ ಗಂಜಿ ಹಾಕಿದ ಸೀರೆಯಂತೆ ಬಿಗಿದುಕೊಂಡು, ಸಂಜೆಗೆ ಊರಿನ ನೊಣಗಳನ್ನೆಲ್ಲ ಊಟಕ್ಕೆ ಕರೆಯಿತು. ಪೇಟೆಯವರು ವಿನಿಗರ್ ಹಾಕುತ್ತಾರೆ. ಅದರ ಗುಣವೆಲ್ಲ ಹುಳಿಯಲ್ಲಿದೆ ಎಂದ ಮೇಲೆ ನಮ್ಮ ಹಿತ್ತಲಿನ ಕಂಚಿಕಾಯಿ ಏನು ಪಾಪ ಮಾಡಿದೆ ಎಂದು ನಾನು ವಾದಿಸಿದೆ. ಅಮ್ಮ ಹಿಂಡಿದಳು. ಮೊದಲ ಸಲ ತಿರುಳು ಅಂಟಿಕೊಂಡಿತು. ತೆಳು ಬಟ್ಟೆಯಲ್ಲಿ ಸೋಸಿ, ಮಳೆನೀರಿಗೆ ಸ್ವಲ್ಪವೇ ಬೆರೆಸಿ, ಜಿಡ್ಡಿಗೆಂದು ನೆನೆಸಿದ ಅಂಟುವಾಳದ ನೀರನ್ನು ಒಂದು ಹನಿಯಷ್ಟು ಹಾಕಿದಾಗ ದ್ರಾವಣ ಒಂದು ದಾರಿಗೆ ಬಂತು. ಒರೆಸಲು ಅಪ್ಪನ ಪಂಚೆ. ಹೊಸದಲ್ಲ, ಹೊಸತು ನೂಲು ಬಿಡುತ್ತದೆ. ಒಗೆದು ಒಗೆದು ಮೈ ಸವೆದು ಮೆತ್ತಗಾದದ್ದು. ಅಪ್ಪನಿಗೆ ಈ ವಿಷಯ ತಿಳಿದದ್ದು ಪಂಚೆ ಎರಡು ತುಂಡಾದ ಮೇಲೆ. "ಉಟ್ಕೊಂಡಿದ್ದನ್ನಾದ್ರೂ ಬಿಡ್ತೀರಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ತೋಟದ ಕಡೆ ಹೊರಟುಹೋದರು.

ಒಳಗಡೆ ಅಡ್ಡಕ್ಕೆ, ಹೊರಗಡೆ ಉದ್ದಕ್ಕೆ ಒರೆಸಬೇಕೆಂದು ನಾನು ಹೇಳಿಕೊಟ್ಟೆ. ಆಗ ಗೆರೆ ಎದ್ದರೆ ಯಾವ ಬದಿಯದ್ದೆಂದು ಮಲಗಿದೆಯೋ ನಿಂತಿದೆಯೋ ನೋಡಿ ತಿಳಿಯಬಹುದು. ತಿಳಿಯಿತು ಕೂಡ. ಒಳಗಿನ ಗೆರೆ ಮಾಯವಾಯಿತು. ಹೊರಗಿನ ಗೆರೆ ಮಾತ್ರ ನಿಂತಿತ್ತು, ಲಲಿತತ್ತೆಯ ಮಾತಿನಷ್ಟೇ ಗಟ್ಟಿಯಾಗಿ. ನಾನು ದ್ರಾವಣವನ್ನು ಶಂಕಿಸಿದೆ. ಹುಳಿ ಹೆಚ್ಚಿಸಿದೆ, ಇಳಿಸಿದೆ. ಅಂಟುವಾಳ ಬಿಟ್ಟೆ, ಮತ್ತೆ ಹಾಕಿದೆ. ರಸಾಯನಶಾಸ್ತ್ರ ತನ್ನ ಹಳೆಯ ಸೇಡು ತೀರಿಸಿಕೊಳ್ಳುತ್ತಿದೆ ಎಂದೇ ಅನ್ನಿಸಿತು.

ಇಲ್ಲಿ ನಮ್ಮ ಕಡೆಯ ಒಂದು ರೂಢಿಯನ್ನು ಹೇಳಬೇಕು. ಮಳೆ ನಿಂತು, ಮೋಡ ಸರಿದು, ಬಿಸಿಲು ಮುಖ ತೋರಿಸುವ ಹೊತ್ತಿಗೆ ನಾವು ಹೊಳವು ಎನ್ನುತ್ತೇವೆ. ಹೊಳವಾಯಿತೋ, ಊರಿಗೆ ಊರೇ ಅಂಗಳಕ್ಕೆ ಬರುತ್ತದೆ. ಬೂಸಲು ಹಿಡಿದ ಚಾಪೆ, ಒಣಗದೆ ವಾಸನೆ ಬಂದ ಕಂಬಳಿ, ಮಕ್ಕಳ ಶಾಲೆಯ ಚೀಲ, ಹಪ್ಪಳದ ಡಬ್ಬಿ, ಎಲ್ಲವೂ ಹೊರಗೆ. ತೊಳೆಯುವುದೆಂದರೆ ಬಿಸಿಲಿನಲ್ಲಿ ತೊಳೆಯುವುದು. ಬಿಸಿಲಿಲ್ಲದಾಗ ತೊಳೆಯುವವಳು ಹೆಡ್ಡಿ. ಇದು ನಮ್ಮ ಹೆಂಗಸರ ಮೈಯಲ್ಲಿ ಇಳಿದ ಪಾಠ. ಅಮ್ಮನೂ ಹೊಳವಿಗಾಗಿ ಕಾದು ಕಾದು, ಬಿಸಿಲು ನೇರ ಗಾಜಿಗೆ ಬಡಿಯುವಾಗಲೇ ಬಕೆಟ್ಟು ಹಿಡಿದು ಹೊರಡುತ್ತಿದ್ದಳು. ಗೆರೆ ಕಾಣದೆ ಉಳಿಯಬಾರದೆಂದು ನಾನೂ ಬಿಸಿಲನ್ನೇ ಬಯಸುತ್ತಿದ್ದೆ.

ನಮ್ಮ ಮನೆಯ ಹಿಂಬದಿಯಲ್ಲಿ, ಹಲಸಿನ ಮರದ ಕೆಳಗೆ ಒಂದು ಸಣ್ಣ ಕಿಟಕಿ. ಅದರ ಹೊರಗಡೆ ಮಾತ್ರ ಗೆರೆ ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ಅಮ್ಮ ಅದರ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಅದೇ ಹುಳಿ, ಅದೇ ನೀರು, ಅದೇ ಪಂಚೆ, ಒರೆಸಿದ್ದೂ ನಾನೇ. ಇದಕ್ಕೊಂದಕ್ಕೆ ಎಂತ ಪುಣ್ಯ ಮಾರಾಯ್ತಿ?"

ನಾನು ಗಾಜು ಮುಟ್ಟಿದೆ. ತಣ್ಣಗಿತ್ತು. ಮನೆಯ ಮುಂಬದಿಯ ಕಿಟಕಿಗೆ ಓಡಿ ಹೋಗಿ ಮುಟ್ಟಿದೆ. ಕಾವಲಿಯಂತೆ ಬಿಸಿ. ಅಷ್ಟೇ. ಅಮ್ಮನ ಬಟ್ಟೆ ಗಾಜಿನ ತುದಿ ತಲುಪುವ ಮೊದಲೇ ನೀರು ಆವಿಯಾಗಿ ಹೋಗುತ್ತಿತ್ತು. ಹೋಗುವಾಗ ತನ್ನಲ್ಲಿದ್ದ ಕೊಳೆಯನ್ನು ಅಲ್ಲೇ ಬಿಟ್ಟು ಹೋಗುತ್ತಿತ್ತು. ತಪ್ಪು ಕಂಚಿಕಾಯಿಯದ್ದಲ್ಲ, ಹೊಳವಿನದ್ದು. ಲೋಕದ ಎಲ್ಲವನ್ನೂ ಬಿಸಿಲಿನಲ್ಲಿ ತೊಳೆಯುವ ನಾವು, ನೆರಳಿನಲ್ಲಿ ತೊಳೆಯಬೇಕಾದ ಒಂದೇ ಒಂದು ವಸ್ತುವನ್ನೂ ಬಿಸಿಲಿಗೇ ಒಡ್ಡಿದ್ದೆವು.

"ಅಮ್ಮಾ, ಇದನ್ನ ಮೋಡ ಇರುವಾಗ ಒರೆಸ್ಬೇಕು!"

"ಹಂಗಂದ್ರೆ ನಮ್ಮೂರಲ್ಲಿ ವರ್ಷದ ಅರ್ಧ ಗಾಜಿನ ಮುಹೂರ್ತವೇ" ಎಂದು ಅಮ್ಮ ನಕ್ಕಳು. ಮರುದಿನ ಬೆಳಗ್ಗೆ ಮೋಡ ಕವಿದಿತ್ತು. ಮುಂಬದಿಯ ಕಿಟಕಿ ಒರೆಸಿದೆವು. ಬಿಸಿಲು ಬಂದ ಮೇಲೆ ನೋಡಿದರೆ ಗೆರೆಯಿಲ್ಲ. ಗಾಜೂ ಇಲ್ಲ ಎನ್ನುವ ಹಾಗೆ ಇತ್ತು. ನಾವಿಬ್ಬರೂ ಅಂಗಳದಲ್ಲಿ ನಿಂತು, ಯಾರಾದರೂ ನೋಡಿದರೆ ಹುಚ್ಚೆಂದುಕೊಳ್ಳುವಷ್ಟು ಹೊತ್ತು ನಕ್ಕೆವು.

ಬದುಕಿನಲ್ಲಿ ಎಷ್ಟೋ ಸಲ ನಾವು ಸೋಲುವುದು ಶ್ರಮ ಸಾಲದೆ ಅಲ್ಲ, ಬೇರೆ ಕೆಲಸಕ್ಕೆ ಸರಿಯಾದ ಅಭ್ಯಾಸವನ್ನು ಈ ಕೆಲಸಕ್ಕೂ ತಂದು ಹಚ್ಚಿ. ಪರೀಕ್ಷೆಗೆಂದು ಪುಸ್ತಕವನ್ನು ಕಂಠಪಾಠ ಮಾಡಿ ಕೆಳಗೆ ಬಿದ್ದ ನನಗೆ, ಮನೆಯಲ್ಲಿ ಕಂಠಪಾಠವೇ ವಿದ್ಯೆಯೆಂದು ಹೇಳಿಕೊಟ್ಟಿದ್ದರು. ಮಗ್ಗಿಗೆ ಅದು ಸರಿ, ರಸಾಯನಶಾಸ್ತ್ರಕ್ಕಲ್ಲ. ಮೊದಲ ತಲೆಮಾರಿನ ಕಷ್ಟ ಇದೇ ನೋಡಿ: ನಮಗೆ ದಾರಿ ಗೊತ್ತಿಲ್ಲವೆಂದಲ್ಲ, ಗೊತ್ತಿರುವ ದಾರಿ ಬೇರೆ ಊರಿನದ್ದು.

ಪರೀಕ್ಷೆಯ ದಿನ ಬಂತು. ಅದರ ಹಿಂದಿನ ದಿನಗಳೆಲ್ಲ ಒಂದೇ ಮೋಡ. ಅಂದು ಮಾತ್ರ ಆಕಾಶವೇ ತೊಳೆದಿಟ್ಟ ಹಾಗೆ ಹೊಳವು. ಕೇಂದ್ರದ ಹಿಂಬದಿಯ ಉದ್ದನೆಯ ಕಟ್ಟಡದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಿಟಕಿ. ತೆರೆಯಲು ಬಾರದ, ಚೌಕಟ್ಟಿಗೆ ಕೂರಿಸಿದ ಅಗಲ ಗಾಜು. ಹೊರಗಡೆ ಪೂರ್ವಕ್ಕೆ ಮುಖ. "ದೇವರು ಕಣ್ಬಿಟ್ಟ ಮಾರಾಯ್ತಿ, ಬಿಸಿಲು ಬಂತು!" ಎಂದು ಉಳಿದವರು ಸಂಭ್ರಮದಿಂದ ಬಕೆಟ್ಟು ಎತ್ತಿಕೊಂಡರು. ಮೋಡದ ಗುಟ್ಟನ್ನು ನಾನು ತರಗತಿಯಲ್ಲಿ ಎಲ್ಲರಿಗೂ ಹೇಳಿದ್ದೆ, ಬೋರ್ಡಿನ ಮೇಲೆ ದೊಡ್ಡಕ್ಷರದಲ್ಲೇ ಬರೆದಿದ್ದೆ. ಆದರೆ ಹೊಳವು ಕಂಡ ಮಲೆನಾಡಿನ ಹೆಂಗಸಿನ ಕೈಯನ್ನು ಯಾವ ಬೋರ್ಡು ತಡೆದೀತು!

ನಾನು ಬಾಗಿಲಲ್ಲಿ ನಿಂತಿದ್ದೆ. ಮಾತಾಡುವಂತಿರಲಿಲ್ಲ. ಅಮ್ಮ ಒಳಬದಿಯನ್ನು ಅಡ್ಡಕ್ಕೆ ಒರೆಸಿ ಮುಗಿಸಿ, ಹೊರಗೆ ಬಂದು, ಬಿಸಿಲಿಗೆ ಉರಿಯುತ್ತಿದ್ದ ಗಾಜಿಗೆ ಅಂಗೈ ಒತ್ತಿ ನೋಡಿದಳು. ನನ್ನ ಕಡೆ ತಿರುಗಲಿಲ್ಲ. ಸುಮ್ಮನೆ ಕಟ್ಟೆಯ ಮೇಲೆ ಕುಳಿತಳು. ಅಕ್ಕಪಕ್ಕದವರು ಅರ್ಧ ಒರೆಸಿಯಾಗಿತ್ತು. ಪರೀಕ್ಷಕಿ ಮೇಡಂ ಗಡಿಯಾರ ನೋಡಿಕೊಂಡರು. ನನ್ನ ಕಣ್ಣಿಗೆ ಶಿವಮೊಗ್ಗದಿಂದ ಬಂದ ಯಾರೋ ಒಬ್ಬರ ಸೊಂಟದಲ್ಲಿ ಆ ಗೊಂಚಲು ಕಂಡಿತು.

ಆಗ ಅಮ್ಮ ಎದ್ದಳು. ತನ್ನ ಚೀಲದಿಂದ ಕಪ್ಪು ಕೊಡೆ ತೆಗೆದು ಬಿಚ್ಚಿದಳು. ಹೊರೆ ಹೊತ್ತು ನಡೆಯುವಾಗ ಮಾಡುವಂತೆ ಹಿಡಿಯನ್ನು ಕತ್ತು ಭುಜಗಳ ನಡುವೆ ಸಿಕ್ಕಿಸಿಕೊಂಡಳು. ಗಾಜಿನ ಮೇಲ್ತುದಿಗೆ ನೆರಳು ಬೀಳುವಂತೆ ವಾಲಿ ನಿಂತಳು.

ಪಕ್ಕದ ಕಿಟಕಿಯಲ್ಲಿದ್ದ, ಕೆರೆಕಟ್ಟೆ ಊರಿನ ಸುಮಿತ್ರ ಕಿಸಕ್ಕನೆ ನಕ್ಕಳು. "ಗಿರಿಜಕ್ಕಾ, ಗಾಜು ಕಪ್ಪಾಗ್ತದೆ ಅಂತ ಹೆದ್ರಿಕೆಯಾ?"

"ಹೌದು ಮಾರಾಯ್ತಿ, ನಿನ್ ಹಾಂಗೆ ಕ್ರೀಮ್ ಹಚ್ಕೊಂಡು ಬಂದಿಲ್ಲ ಅದು" ಎಂದಳು ಅಮ್ಮ, ತಲೆ ಎತ್ತದೆ.

ನೆರಳಿನೊಳಗಿನ ಗಾಜಿಗೆ ಒದ್ದೆ ಬಟ್ಟೆ ಒತ್ತಿ ಕಾವು ಇಳಿಸಿದಳು. ದ್ರಾವಣ ಸವರಿದಳು, ಪಂಚೆಯ ತುಂಡಿನಿಂದ ಮೇಲಿನಿಂದ ಕೆಳಕ್ಕೆ ಉದ್ದಕ್ಕೆ ಒರೆಸಿದಳು, ಒಣ ತುಂಡಿನಿಂದ ಮುಗಿಸಿದಳು. ಕೊಡೆ ಒಂದಿಷ್ಟು ಸರಿಯಿತು. ಅದರ ಜೊತೆ ನೆರಳು ಸರಿಯಿತು. ನೆರಳಿನ ಜೊತೆ ಅಮ್ಮ ಸರಿದಳು. ತನ್ನದೇ ಒಂದು ತುಂಡು ಮೋಡವನ್ನು ಹೆಗಲ ಮೇಲೆ ಹೊತ್ತು ಬಂದವಳ ಹಾಗೆ ಕಂಡಳು. ಹೇಳಿಕೊಟ್ಟದ್ದು ನಾನು, ನಿಜ. ಆದರೆ ಮೋಡವಿಲ್ಲದ ದಿನ ಏನು ಮಾಡಬೇಕೆಂದು ನಾನು ಹೇಳಿಕೊಟ್ಟಿರಲಿಲ್ಲ, ಯಾಕೆಂದರೆ ಅದು ನನಗೂ ಹೊಳೆದಿರಲಿಲ್ಲ. ಶಿಷ್ಯೆ ಪಾಠದಿಂದ ಒಂದು ಹೆಜ್ಜೆ ಆಚೆ ಹೋದದ್ದನ್ನು ಕಣ್ಣಾರೆ ನೋಡುವ ಸುಖ ಮೇಷ್ಟರಿಗೆ ಅಪರೂಪ. ಆ ಶಿಷ್ಯೆ ತಾಯಿಯೇ ಆಗಿರುವ ಸುಖ ಎಷ್ಟು ಮೇಷ್ಟರಿಗೆ ಸಿಕ್ಕೀತು ಹೇಳಿ.

ಪರೀಕ್ಷಕಿ ಮೇಡಂ ಸುಲಭದ ಹೆಂಗಸಲ್ಲ. ಎದುರಿನಿಂದ ನೋಡಿದರು, ಓರೆಯಿಂದ ನೋಡಿದರು, ಮೊಬೈಲಿನ ಟಾರ್ಚು ಹಾಕಿ ನೋಡಿದರು. ಕೊನೆಗೆ ಗಾಜಿಗೆ ಮುಖ ಹತ್ತಿರ ತಂದು ಹಾ ಎಂದು ಉಸಿರು ಬಿಟ್ಟರು. ಅಡಗಿದ ಗೆರೆಗಳೆಲ್ಲ ಉಸಿರಿನ ಹಬೆಗೆ ಹೊರಬೀಳುತ್ತವೆ. ಸುಳ್ಳು ಹೇಳಿದ ಮಗು ತಾಯಿಯ ಮುಂದೆ ನಿಂತ ಹಾಗೆ. ಹಬೆ ಕವಿಯಿತು, ಒಂದೇ ಸಮನಾಗಿ. ಆರಿತು, ಒಂದೇ ಸಮನಾಗಿ. ಏನೂ ಉಳಿಯಲಿಲ್ಲ.

"ಎಷ್ಟು ಓದಿದ್ದೀರಮ್ಮಾ?"

"ನಾಲ್ಕನೇ ಕ್ಲಾಸು."

"ಈ ಕೊಡೆ ಯಾರು ಹೇಳಿಕೊಟ್ಟದ್ದು?"

"ನೆರಳು ಬೇಕು ಅಂತ ಮೇಡಂ ಹೇಳಿದ್ರು" ಎಂದು ಅಮ್ಮ ನನ್ನನ್ನು ತೋರಿಸಿದಳು. "ಕೊಡೆ ನಂದೇ."

ಪರೀಕ್ಷಕಿ ಮೇಡಂ ನಕ್ಕದ್ದನ್ನು ನಾವು ಅಂದು ನೋಡಿದ್ದು ಆ ಒಂದು ಸಲ. ಉಳಿದವರಿಗೂ ಅನ್ಯಾಯವಾಗಲಿಲ್ಲ, ಕೊಡೆ ಹಿಡಿದು ಮತ್ತೊಮ್ಮೆ ಒರೆಸಲು ಅವರಿಗೆಲ್ಲ ಅವಕಾಶ ಕೊಟ್ಟರು. ಒಂದಷ್ಟು ಹೊತ್ತು ಆ ಕಟ್ಟಡದ ಉದ್ದಕ್ಕೂ, ಒಂದು ಹನಿ ಮಳೆಯಿಲ್ಲದ ಬಿಸಿಲಿನಲ್ಲಿ, ಸಾಲು ಸಾಲು ಕೊಡೆಗಳು ಅರಳಿ ನಿಂತವು. ಅವರಲ್ಲಿ ಮೊದಲು ಕೊಡೆ ಬಿಚ್ಚಿದವಳು, ಆಗ ನಕ್ಕಿದ್ದ ಸುಮಿತ್ರಳೇ.

ಪತ್ರ ಕೊಡುವ ದಿನ ಸಭೆಗೆ ಅಪ್ಪ ಬಂದಿದ್ದರು, ಹೊಸ ಪಂಚೆ ಉಟ್ಟುಕೊಂಡು. ಲಲಿತತ್ತೆಯೂ ಮೆಣಸೆಯಿಂದ ಬಸ್ಸು ಹತ್ತಿ ಬಂದಿದ್ದರು. ಆಗುವುದಿಲ್ಲ ಎಂದದ್ದು ಆಗುವಾಗ ಎದುರಿಗೇ ಕುಳಿತು ನೋಡುವುದು ಅವರ ಹಕ್ಕು. ಕೇಂದ್ರದ ಮುಖ್ಯಸ್ಥರು ಅಮ್ಮನ ಹೆಸರು ಕರೆದರು. ಆಮೇಲೆ ಪತ್ರವನ್ನು ನನ್ನ ಕೈಗಿತ್ತು, "ಇದನ್ನ ನೀವೇ ಕೊಡಿ" ಎಂದರು. ನಾನು ಅದನ್ನು ಅಮ್ಮನ ಮುಂದೆ ಹಿಡಿದೆ. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು, ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡು, ತನ್ನ ಹೆಸರಿನ ಮೇಲೆ ಹೆಬ್ಬೆರಳು ಇಡದಂತೆ ಅಂಚಿನಲ್ಲಿ ಹಿಡಿದು ನಿಂತಳು. ಚಪ್ಪಾಳೆ ನಿಂತ ಮೇಲೂ ನಿಂತೇ ಇದ್ದಳು.

ಕೆಳಗಿಳಿದು ಬಂದಾಗ ಲಲಿತತ್ತೆ ಪತ್ರವನ್ನು ಬಗ್ಗಿ ನೋಡಿ, ತಿರುಗಿಸಿ ನೋಡಿ, "ಅಡ್ಡಿಲ್ಲ. ಹಾಳಾಗ್ದಂಗೆ ಲ್ಯಾಮಿನೇಷನ್ ಮಾಡಿಸಿ ಪೆಟ್ಟಿಗೆಯಲ್ಲಿ ಇಡು" ಎಂದರು.

"ಪೆಟ್ಟಿಗೆಯಲ್ಲಿ ಯಾಕೆ ಅತ್ತಿಗೆ?" ಎಂದಳು ಅಮ್ಮ. "ಗಾಜು ಹಾಕಿಸಿ ಜಗಲಿಯಲ್ಲೇ ತೂಗು ಹಾಕ್ತೇನೆ. ದೊಡ್ಡ ಗಾಜೇ ಹಾಕಿಸ್ತೇನೆ. ಒರೆಸೋದು ನಂಗೆ ಗೊತ್ತಿದೆ."